ಮನೆಯ ಮೋಟಾರಿಗೊಂದು ಸಾಕೆಟ್ಟು ಪೆಟ್ಟಿಗೆ

ಅಕ್ಕಿಯನ್ನು ಕೊಳ್ಳುವಾಗ ನಾಲ್ಕು ಕಾಳನ್ನು ಕಚ್ಚಿ ನೋಡುತ್ತೇವೆ; ಮಡಕೆಯನ್ನು ಕೊಳ್ಳುವಾಗ ಬೆರಳಿನಿಂದ ಬಡಿದು ಅದರ ನಾದವನ್ನು ಕೇಳುತ್ತೇವೆ; ಬಟ್ಟೆಯನ್ನು ಕೊಳ್ಳುವಾಗ ಬೆಳಕಿಗೆ ಹಿಡಿದು ನೇಯ್ಗೆಯನ್ನು ಪರೀಕ್ಷಿಸುತ್ತೇವೆ. ಇಷ್ಟೆಲ್ಲ ಜಾಗರೂಕನಾದ ಗೃಹಸ್ಥನು ಮೋಟಾರು ಗಾಡಿಯ ರಿಪೇರಿಗೆಂದು ಉಕ್ಕಿನ ಉಪಕರಣಗಳನ್ನು ಕೊಳ್ಳಲು ಹೋದಾಗ ಮಾತ್ರ, ಪೆಟ್ಟಿಗೆಯ ಬಣ್ಣಕ್ಕೂ ಅದರ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾದ ತುಂಡುಗಳ ಸಂಖ್ಯೆಗೂ ಮರುಳಾಗಿ ಹಣವನ್ನು ತೆತ್ತು ಬರುತ್ತಾನೆ. ಹಾಗೆ ಮರುಳಾದವರಲ್ಲಿ ನಾವೂ ಒಬ್ಬರು. ಆದುದರಿಂದ ಸಾಕೆಟ್ಟುಗಳ ಪೆಟ್ಟಿಗೆಯನ್ನು ಕೊಳ್ಳುವ ಬಗೆ ಹೇಗೆ, ಕೊಟ್ಟ ಹಣಕ್ಕೆ ತಕ್ಕ ಫಲ ದೊರೆಯುವುದು ಯಾವುದರಿಂದ ಎಂಬ ವಿಷಯವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

೧೯೮೩ನೆಯ ಇಸವಿಯ ಡಿಸೆಂಬರಿನಲ್ಲಿ ಮಾರುತಿ ೮೦೦ ಬೀದಿಗೆ ಇಳಿದಂದಿನಿಂದ, ಕಾರೆಂಬುದು ಶ್ರೀಮಂತರ ಮನೆಯ ಅಲಂಕಾರವಾಗಿ ಉಳಿಯದೆ, ಸಂಬಳದ ಮೇಲೆ ಜೀವಿಸುವ ಕುಟುಂಬಗಳ ವಾಹನವೂ ಆಗಿದೆ. ಗಾಡಿಯು ಮನೆಗೆ ಬಂದಾಗ ಅದರ ಖರ್ಚೂ ಜೊತೆಯಲ್ಲಿಯೇ ಬಂದಿತು. ದೊಡ್ಡ ರಿಪೇರಿಗಳನ್ನು ಕುಶಲ ಕೆಲಸಗಾರರಿಗೆ ಬಿಡುವುದೇ ವಿವೇಕ. ಆದರೆ ಬ್ಯಾಟರಿಯ ಹಿಡಿಕೆಗಳನ್ನು ಬಿಚ್ಚಿ ಶುಚಿಮಾಡುವುದು, ಇಂಜಿನ್ನಿನ ಎಣ್ಣೆಯನ್ನು ಬದಲಾಯಿಸುವುದು, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ನೋಡುವುದು, ಚಕ್ರವನ್ನು ಕಳಚಿ ಹಾಕುವುದು, ಇವೇ ಮುಂತಾದ ಸಣ್ಣ ಕೆಲಸಗಳನ್ನು ತಾಳ್ಮೆಯುಳ್ಳ ಯಾವ ಗೃಹಸ್ಥನಾದರೂ ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದು. ಇವೆಲ್ಲಕ್ಕೂ ಬೇಕಾದ ಮುಖ್ಯ ಉಪಕರಣವೇ ಸಾಕೆಟ್ಟು.

ಸಾಕೆಟ್ಟೆಂದರೆ ಬೋಲ್ಟಿನ ತಲೆಯನ್ನು ಸುತ್ತಲೂ ಟೋಪಿಯಂತೆ ಆವರಿಸಿ ಹಿಡಿಯುವ ಉಕ್ಕಿನ ಬಟ್ಟಲು. ಬಾಯಿ ತೆರೆದ ಸಾಧಾರಣ ಸ್ಪ್ಯಾನರು ಆರು ಮುಖಗಳುಳ್ಳ ತಲೆಯನ್ನು ಎರಡೇ ಕಡೆಗಳಲ್ಲಿ ಹಿಡಿಯುವುದು. ಸಾಕೆಟ್ಟಾದರೋ ಆರು ಕಡೆಗಳಲ್ಲಿಯೂ ಹಿಡಿಯುವುದು. ಅದರ ಬೆನ್ನಿನಲ್ಲಿ ಚೌಕನಾದ ಒಂದು ರಂಧ್ರವಿದ್ದು, ಅದಕ್ಕೆ ಹಿಡಿಯನ್ನು ಸಿಕ್ಕಿಸಿ ತಿರುಗಿಸಬೇಕು. ಆ ಹಿಡಿಯೊಳಗೆ ಹಲ್ಲುಚಕ್ರವನ್ನು ಅಳವಡಿಸಿದ್ದರೆ ಅದಕ್ಕೆ ರ‍್ಯಾಚೆಟ್ಟು ಎಂದು ಹೆಸರು. ರ‍್ಯಾಚೆಟ್ಟು ಒಂದು ಕಡೆಗೆ ಎಳೆದಾಗ ಬೋಲ್ಟನ್ನು ತಿರುಗಿಸಿ, ಹಿಂದಕ್ಕೆ ತಂದಾಗ ಬರಿದೆ ಕಟಕಟನೆ ಸದ್ದುಮಾಡುತ್ತ ಹಿಂದಿರುಗುವುದರಿಂದ, ಸಾಕೆಟ್ಟನ್ನು ಬೋಲ್ಟಿನ ಮೇಲಿಂದ ತೆಗೆಯದೆಯೇ ಕೆಲಸ ಸಾಗುತ್ತದೆ.

ಈಗ ನಮ್ಮ ಅನುಭವವನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಒಂದು ಅಂಗಡಿಯಲ್ಲಿ ೧೦೮ ತುಂಡುಗಳ ಪೆಟ್ಟಿಗೆಯೊಂದನ್ನು ಕಂಡೆವು. ಅಷ್ಟೋತ್ತರಶತವೆಂದರೆ ಸಾಮಾನ್ಯವೇ? ಬೆಲೆಯೂ ಅಗ್ಗವಾಗಿತ್ತು. ಹಿಗ್ಗುತ್ತ ಮನೆಗೆ ತಂದು, ಮರುದಿನ ಧರ್ಮಸ್ಥಳಕ್ಕೆ ಹೊರಡಬೇಕಾಗಿದ್ದುದರಿಂದ ಆ ಶನಿವಾರ ಸಂಜೆ ಇಂಜಿನ್ನಿನ ಎಣ್ಣೆಯನ್ನು ಬದಲಾಯಿಸಲು ತೊಡಗಿದೆವು. ಎಣ್ಣೆಯನ್ನು ಹರಿಯಬಿಡುವ ಬೋಲ್ಟಿಗೆ ೧೭ ಮಿಲಿಮೀಟರಿನ ಸಾಕೆಟ್ಟನ್ನು ತೊಡಿಸಿ ಬಲವಾಗಿ ಎಳೆದೊಡನೆಯೇ ಅದು ಜಾರಿತು. ಬೆರಳ ಗೆಣ್ಣುಗಳು ಕಬ್ಬಿಣಕ್ಕೆ ತಗುಲಿ ಚರ್ಮ ಸುಲಿಯಿತು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ನೋಡುವಾಗ ಬೋಲ್ಟಿನ ಮೂಲೆಗಳೆಲ್ಲ ಸವೆದು, ಅದರ ತಲೆಯು ಅಡಕೆಯಂತೆ ದುಂಡಗಾಗಿತ್ತು. ಬೋಲ್ಟು ಬಿಚ್ಚಲಿಲ್ಲ. ತೀರ ಹಳತಾದ ಎಣ್ಣೆಯಲ್ಲಿ ಗಾಡಿಯನ್ನು ಘಾಟಿ ಹತ್ತಿಸಿ ಇಳಿಸಲು ನಮಗೆ ಧೈರ್ಯ ಬರಲಿಲ್ಲ. ಭಾನುವಾರ ಯಾವ ಗ್ಯಾರೇಜೂ ತೆರೆದಿರಲಿಲ್ಲ. ನಮ್ಮ ತಾಯಿಯವರು ಹರಕೆಯ ಹಣವನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಸಿದ್ಧಮಾಡಿಟ್ಟಿದ್ದರು. ಆ ಗಂಟು ಪುನಃ ದೇವರ ಮನೆಯನ್ನು ಸೇರಿತು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮೇಲಾಗಿತ್ತೆಂದು ನಮಗೆ ಈಗಲೂ ತೋರುತ್ತದೆ. ಸೋಮವಾರ ಆ ಬೋಲ್ಟನ್ನು ಕೀಳಿಸಿ ಹೊಸದನ್ನು ಹಾಕಿಸಲು ತಗುಲಿದ ಹಣವನ್ನು ಪೆಟ್ಟಿಗೆಯ ಬೆಲೆಗೆ ಕೂಡಿಸಿದರೆ, ಒಳ್ಳೆಯ ಉಪಕರಣಗಳನ್ನೇ ಕೊಂಡುಕೊಳ್ಳಬಹುದಾಗಿತ್ತು.

ತಪ್ಪು ಎಲ್ಲಿ ಆಯಿತೆಂದು ವಿಚಾರಿಸಿದಾಗ ತಿಳಿದು ಬಂದ ಸಂಗತಿ ಇದು. ಸಾಕೆಟ್ಟುಗಳಲ್ಲಿ ಒಳಗೆ ಆರು ಮೂಲೆಗಳುಳ್ಳವು, ಹನ್ನೆರಡು ಮೂಲೆಗಳುಳ್ಳವು ಎಂದು ಎರಡು ಜಾತಿಗಳುಂಟು. ಹನ್ನೆರಡು ಮೂಲೆಗಳದ್ದು ಬೋಲ್ಟಿನ ಮೇಲೆ ಬೇಗ ಕೂರುವುದೇನೋ ನಿಜ. ಆದರೆ ಅದು ಬೋಲ್ಟಿನ ಮೂಲೆಗಳ ಬಳಿಯಲ್ಲಿಯೇ ಹಿಡಿಯುವುದರಿಂದ, ಬೋಲ್ಟು ತುಕ್ಕು ಹಿಡಿದಿದ್ದರೂ ಸಾಕೆಟ್ಟಿನ ಅಳತೆ ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಜಾರಿ ಆ ಮೂಲೆಗಳನ್ನು ತಿಂದುಹಾಕುವುದು. ಆರು ಮೂಲೆಗಳದ್ದಾದರೆ ಮುಖದ ಹೆಚ್ಚು ಭಾಗವನ್ನು ಒತ್ತಿ ಹಿಡಿಯುತ್ತದೆ. ನಮ್ಮ ಪೆಟ್ಟಿಗೆಯಲ್ಲಿದ್ದುದು ಹನ್ನೆರಡು ಮೂಲೆಯವು. ಅದರ ಮೇಲೆ ಅಳತೆಯೂ ಸಡಿಲ. ಆದುದರಿಂದ ಮನೆಯ ಕೆಲಸಕ್ಕೆ ಆರು ಮೂಲೆಯ ಸಾಕೆಟ್ಟುಗಳನ್ನೇ ಕೊಳ್ಳತಕ್ಕದ್ದು. ಇದು ನಮ್ಮ ಮೊದಲನೆಯ ಸೂತ್ರ.

ಎರಡನೆಯದು ಸಂಖ್ಯೆಯ ವಿಚಾರ. ಇಲ್ಲಿ ಸ್ವಲ್ಪ ಪೂರ್ವಚರಿತ್ರೆಯನ್ನು ನೆನೆಯುವುದು ಉಚಿತ. ಸಾಕೆಟ್ಟುಗಳನ್ನು ಬದಲಾಯಿಸಬಹುದಾದ ರ‍್ಯಾಚೆಟ್ಟು ಹಿಡಿಗೆ ಅಮೆರಿಕಾ ದೇಶದ ವರ್ಮಾಂಟ್ ಪ್ರಾಂತದ ರಿಚರ್ಡ್‌ಸನ್ ಎಂಬಾತನು ೧೮೬೩ರಲ್ಲಿ ಪೇಟೆಂಟನ್ನು ಪಡೆದನು. ಅನಂತರ ೧೯೨೦ರಲ್ಲಿ ಆ ದೇಶದ ಮಿಲ್ವಾಕಿ ನಗರದಲ್ಲಿ ಜೋಸೆಫ್ ಜಾನ್ಸನ್ ಎಂಬಾತನು ಸ್ನ್ಯಾಪ್-ಆನ್ ಕಂಪೆನಿಯನ್ನು ಆರಂಭಿಸಿ, ಐದು ಹಿಡಿಗಳನ್ನೂ ಹತ್ತು ಸಾಕೆಟ್ಟುಗಳನ್ನೂ ಒಟ್ಟುಗೂಡಿಸಿ ಮಾರಿದನು. ಐದು ಹಿಡಿಗಳೇ ಐವತ್ತು ಸ್ಪ್ಯಾನರುಗಳ ಕೆಲಸವನ್ನು ಮಾಡುವುವೆಂಬುದು ಆ ಏರ್ಪಾಡಿನ ಹಿರಿಮೆ. ವಾಚಕರು ಗಮನಿಸಬೇಕು: ಈ ಉಪಕರಣ ಪೇಟೆಗೆ ಬಂದುದೇ ತುಂಡುಗಳ ಸಂಖ್ಯೆಯನ್ನು ಕಡಮೆ ಮಾಡುವುದಕ್ಕಾಗಿ. ಇಂದಿನ ವ್ಯಾಪಾರವಾದರೋ ಅದನ್ನು ತಲೆಕೆಳಗು ಮಾಡಿ, ಸಂಖ್ಯೆ ಹೆಚ್ಚಿದಷ್ಟೂ ಲಾಭವೆಂದು ನಮ್ಮನ್ನು ನಂಬಿಸುತ್ತಿದೆ.

ನಾವು ನಮ್ಮ ೧೦೮ ತುಂಡುಗಳನ್ನು ನೆಲದ ಮೇಲೆ ಹರಡಿ ಲೆಕ್ಕಹಾಕಿದೆವು. ತಿರುಪುಳಿಯ ಮೊನೆಗಳೇ ಒಂದು ರಾಶಿಯಾದವು. ಅಂಗುಲದ ಅಳತೆಯ ಸಾಕೆಟ್ಟುಗಳು ಇನ್ನೊಂದು ಸಾಲು. ಅಂಗುಲದ ಬೋಲ್ಟುಗಳು ಬೇಕಾಗುವುದು ಹಳೆಯ ಅಂಬಾಸಿಡರಿನಂತಹ, ಇಂಗ್ಲಿಷ್ ಮೂಲದ ಗಾಡಿಯನ್ನು ಇಟ್ಟುಕೊಂಡವರಿಗೆ. ಆ ಗಾಡಿಯ ತಯಾರಿಕೆಯೇ ೨೦೧೪ರಲ್ಲಿ ನಿಂತಿತು. ಉಳಿದವರಿಗೆ ಅವು ಬರಿಯ ಭಾರ. ಅಷ್ಟು ಮಾತ್ರವೂ ಅಲ್ಲ: ಅರ್ಧ ಅಂಗುಲವೆಂದರೆ ೧೨.೭ ಮಿಲಿಮೀಟರು. ೧೨ರ ಬೋಲ್ಟಿಗೆ ಅದನ್ನು ತೊಡಿಸಿದವನು ಮೂಲೆಗಳನ್ನು ತನ್ನ ಕೈಯಿಂದಲೇ ಸವೆಸಿದಂತಾಗುವುದು. ಹೀಗೆ ಕಳೆಯುತ್ತ ಹೋದಾಗ ನಮ್ಮ ಗಾಡಿಗೆ ನಿಜವಾಗಿ ಬೇಕಾಗುವವು ಹತ್ತು ಹನ್ನೆರಡು ಮಾತ್ರ ಉಳಿದವು. ಆದುದರಿಂದ ಬೆಲೆಯನ್ನು ಎಲ್ಲ ತುಂಡುಗಳಿಂದ ಭಾಗಿಸದೆ, ನಾವು ಉಪಯೋಗಿಸುವ ತುಂಡುಗಳಿಂದ ಭಾಗಿಸಿ ನೋಡತಕ್ಕದ್ದು. ೨,೪೦೦ ರೂಪಾಯಿಗಳ ಪೆಟ್ಟಿಗೆಯಲ್ಲಿ ಹನ್ನೆರಡು ತುಂಡುಗಳು ಮಾತ್ರ ಕೆಲಸಕ್ಕೆ ಬರುವುದಾದರೆ, ಒಂದೊಂದಕ್ಕೆ ೨೦೦ ರೂಪಾಯಿ ಬಿದ್ದಂತಾಯಿತು. ಅಷ್ಟು ಹಣಕ್ಕೆ ಒಳ್ಳೆಯ ಸಾಕೆಟ್ಟು ಬಿಡಿಯಾಗಿ ಸಿಕ್ಕುವುದೋ ಇಲ್ಲವೋ ಎಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು.

ಹಾಗಾದರೆ ಬೇಕಾಗುವ ಅಳತೆಗಳು ಯಾವುವು? ಮಾರುತಿ ಸುಜುಕಿ, ಟೊಯೋಟಾ, ಹೋಂಡಾ ಮೊದಲಾದ ಜಪಾನೀ ಮೂಲದ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ೮, ೧೦, ೧೨, ೧೪, ೧೭, ೧೯ ಮಿಲಿಮೀಟರಿನ ತಲೆಗಳು. ಯುರೋಪಿನ ಪದ್ಧತಿಯನ್ನು ಅನುಸರಿಸುವ ಗಾಡಿಗಳಲ್ಲಿ ೧೨ರ ಬದಲು ೧೩ನ್ನೂ, ೧೪ರ ಬದಲು ೧೬ನ್ನೂ, ಕೆಲವೆಡೆ ೧೮ನ್ನೂ ಕಾಣುತ್ತೇವೆ. ಇದಕ್ಕೆ ಕಾರಣವೇನೆಂದರೆ, ೮ ಮಿಲಿಮೀಟರು ದಪ್ಪದ ಬೋಲ್ಟಿಗೆ ಜಪಾನಿನವರು ೧೨ರ ತಲೆಯನ್ನೂ ಯುರೋಪಿನವರು ೧೩ರ ತಲೆಯನ್ನೂ ಇಡುವ ವಾಡಿಕೆ. ಚಕ್ರದ ನಟ್ಟುಗಳಿಗೆ ಅನೇಕ ಮಾರುತಿ ಗಾಡಿಗಳಲ್ಲಿ ೧೯, ಹ್ಯುಂಡೈ ಗಾಡಿಗಳಲ್ಲಿ ೨೧, ಫೋಕ್ಸ್‌ವ್ಯಾಗನ್ ಸ್ಕೋಡಾಗಳಲ್ಲಿ ೧೭ ಬೇಕಾಗುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಈಚಿನ ಗಾಡಿಗಳಲ್ಲಿ ಸಾಮಾನ್ಯವಾಗಿ ೧೬, ಹಳೆಯವುಗಳಲ್ಲಿ ೨೧. ಅದಕ್ಕೆ ಒಳಗೆ ರಬ್ಬರನ್ನೋ ಅಯಸ್ಕಾಂತವನ್ನೋ ಇಟ್ಟ ಉದ್ದನೆಯ ಸಾಕೆಟ್ಟು ಬೇರೆಯೇ ಉಂಟು. ಪೆಟ್ಟಿಗೆಯನ್ನು ಕೊಳ್ಳುವ ಮೊದಲು ಒಂದು ಬಿಡುವಿನ ಬೆಳಿಗ್ಗೆ ಬಾನೆಟ್ಟನ್ನು ತೆರೆದು, ತಾವು ಮುಟ್ಟಲಿರುವ ಬೋಲ್ಟುಗಳ ಅಳತೆಗಳನ್ನು ಕಾಗದದಲ್ಲಿ ಬರೆದುಕೊಳ್ಳುವುದು ಉತ್ತಮ. ಆ ಪಟ್ಟಿ ಜೇಬಿನಲ್ಲಿದ್ದರೆ ಅಂಗಡಿಯವನ ಮಾತಿಗೆ ಮರುಳಾಗುವ ಭಯವಿಲ್ಲ.

ಮೂರನೆಯದು, ಹಿಡಿಯ ಚೌಕದ ಅಳತೆ. ಸಾಕೆಟ್ಟಿನ ಬಾಯಿಯನ್ನು ಮಿಲಿಮೀಟರಿನಲ್ಲಿ ಅಳೆದರೂ ಬೆನ್ನಿನ ಚೌಕವನ್ನು ಇಂದಿಗೂ ಅಂಗುಲದಲ್ಲಿಯೇ ಹೇಳುವುದು ವಾಡಿಕೆ: ಕಾಲಂಗುಲ, ೩/೮ ಅಂಗುಲ, ಅರ್ಧ ಅಂಗುಲ. ಇವುಗಳಲ್ಲಿ ಯಾವುದು ಬೇಕೆಂಬುದು ಬಲದ ಲೆಕ್ಕ. ೧೦ ಮಿಲಿಮೀಟರಿನ ತಲೆಯುಳ್ಳ ಸಣ್ಣ ಬೋಲ್ಟಿಗೆ ಬೇಕಾದ ಬಿಗಿತ ಸುಮಾರು ೧೦ ನ್ಯೂಟನ್-ಮೀಟರು. ೨೫ ಸೆಂಟಿಮೀಟರು ಉದ್ದದ ಹಿಡಿಯ ತುದಿಯಲ್ಲಿ ನಾಲ್ಕು ಕಿಲೋಗ್ರಾಂ ಭಾರದಷ್ಟು ಒತ್ತಿದರೆ ಅಷ್ಟಾಯಿತು. ಮಕ್ಕಳ ಕೈಗೂ ಅದು ಸಾಧ್ಯ. ಚಕ್ರದ ನಟ್ಟಿಗಾದರೋ ೧೦೦ ನ್ಯೂಟನ್-ಮೀಟರಿನ ಆಸುಪಾಸು ಬೇಕು. ಅದೇ ಹಿಡಿಯ ತುದಿಯಲ್ಲಿ ನಲವತ್ತು ಕಿಲೋಗ್ರಾಂ ಭಾರ. ಅರ್ಧ ಅಂಗುಲದ ದಪ್ಪ ಹಿಡಿಯಿಂದ ಸಣ್ಣ ಬೋಲ್ಟನ್ನು ಬಿಗಿದರೆ ಕೈಗೆ ತಿಳಿಯುವ ಮೊದಲೇ ಅದು ಮುರಿಯುವುದು. ಕಾಲಂಗುಲದ ಸಣ್ಣ ಹಿಡಿಯಿಂದ ಚಕ್ರದ ನಟ್ಟನ್ನು ಬಿಚ್ಚಹೋದರೆ ಹಿಡಿಯೇ ಮುರಿಯುವುದು. ಒಂದೇ ಪೆಟ್ಟಿಗೆಯನ್ನು ಕೊಳ್ಳಬಲ್ಲವರಿಗೆ ನಡುವಿನದಾದ ೩/೮ ಅಂಗುಲದ್ದೇ ಮೇಲೆಂದು ನಮ್ಮ ಅಭಿಪ್ರಾಯ. ನಮ್ಮ ಅನೇಕ ಅಂಗಡಿಗಳಲ್ಲಿ ಇದನ್ನು ಹೇಳಿ ತರಿಸಿಕೊಳ್ಳಬೇಕಾಗಬಹುದು, ಕಾಯುವುದರಿಂದ ನಷ್ಟವಿಲ್ಲ. ಚಕ್ರಕ್ಕಾಗಿ ಅರ್ಧ ಅಂಗುಲದ ಒಂದೇ ಒಂದು ಸಾಕೆಟ್ಟನ್ನೂ ಸುಮಾರು ೪೫ ಸೆಂಟಿಮೀಟರು ಉದ್ದದ ಗಟ್ಟಿ ದಂಡವನ್ನೂ ಬೇರೆಯಾಗಿ ಕೊಂಡಿಟ್ಟುಕೊಳ್ಳಬೇಕು.

ನಾಲ್ಕನೆಯದು ರ‍್ಯಾಚೆಟ್ಟು. ಪೆಟ್ಟಿಗೆಯಲ್ಲಿ ಸಾಕೆಟ್ಟುಗಳು ಎಷ್ಟೇ ಇರಲಿ, ಪ್ರತಿ ಕೆಲಸಕ್ಕೂ ಕೈಗೆ ಬರುವುದು ಇದೊಂದೇ. ಒಳಗಿನ ಚಕ್ರಕ್ಕೆ ೨೪ ಹಲ್ಲುಗಳಿದ್ದರೆ ಒಂದೊಂದು ಹಲ್ಲಿಗೆ ಹಿಡಿಯನ್ನು ೧೫ ಡಿಗ್ರಿ ತಿರುಗಿಸಬೇಕು. ೭೨ ಹಲ್ಲುಗಳಿದ್ದರೆ ೫ ಡಿಗ್ರಿ ಸಾಕು. ಇಂದಿನ ಗಾಡಿಗಳಲ್ಲಿ ಇಂಜಿನ್ನಿನ ಸುತ್ತ ಕೈಯಾಡಿಸಲು ಜಾಗ ಬಹಳ ಕಡಮೆಯಾದುದರಿಂದ ಈ ವ್ಯತ್ಯಾಸ ದೊಡ್ಡದೇ ಆಗುತ್ತದೆ. ಅಂಗಡಿಯಲ್ಲಿಯೇ ಹಿಡಿಯನ್ನು ಎರಡು ದಿಕ್ಕಿಗೂ ತಿರುಗಿಸಿ, ಸದ್ದು ಸಮನಾಗಿದೆಯೇ, ದಿಕ್ಕನ್ನು ಬದಲಾಯಿಸುವ ಗುಂಡಿ ತಾನಾಗಿ ಜಾರುವುದೇ ಎಂದು ನೋಡಿರಿ. ಗಟ್ಟಿಯಾಗಿ ಕೂತ ಬೋಲ್ಟನ್ನು ಮೊದಲು ಸಡಿಲಿಸಲು ಮಾತ್ರ ರ‍್ಯಾಚೆಟ್ಟನ್ನು ಉಪಯೋಗಿಸಕೂಡದು. ಅದು ದಂಡದ ಕೆಲಸ. ರ‍್ಯಾಚೆಟ್ಟಿನ ಹಿಡಿಗೆ ಕೊಳವೆಯನ್ನು ತೊಡಿಸಿ ತೂಗುವುದು, ಸುತ್ತಿಗೆಯಿಂದ ಬಡಿಯುವುದು, ಇವು ಅದರ ಹಲ್ಲುಗಳನ್ನು ಮುರಿಯುವ ಉಪಾಯಗಳು.

ಇನ್ನು ಉಕ್ಕಿನ ವಿಷಯ. ಕೈಯಿಂದ ತಿರುಗಿಸುವ ಸಾಕೆಟ್ಟುಗಳನ್ನು ಕ್ರೋಮಿಯಮ್ಮನ್ನೂ ವೆನೇಡಿಯಮ್ಮನ್ನೂ ಬೆರಸಿದ ಉಕ್ಕಿನಿಂದ ಮಾಡಿ, ಮೇಲೆ ಹೊಳಪಿನ ಲೇಪ ಕೊಡುತ್ತಾರೆ. ಯಂತ್ರದ ಗನ್ನಿನಿಂದ ತಿರುಗಿಸುವುದಕ್ಕೆ ಗೋಡೆ ದಪ್ಪವಾದ ಕರಿಯ ಸಾಕೆಟ್ಟುಗಳು ಬೇರೆ. ಹೊಳಪಿನವನ್ನು ಗನ್ನಿಗೆ ಹಾಕಿದರೆ ಸೀಳಿ ಚೂರು ಹಾರುವ ಅಪಾಯವುಂಟು. ಆದರೆ ವೆನೇಡಿಯಮ್ಮೆಂಬ ಅಕ್ಷರಗಳನ್ನು ಯಾರು ಬೇಕಾದರೂ ಅಚ್ಚೊತ್ತಬಹುದು. ಆದಕಾರಣ ಅಕ್ಷರವನ್ನು ನಂಬದೆ ಪರೀಕ್ಷೆಯನ್ನು ನಂಬಬೇಕು. ಹೇಗೆಂದರೆ, ೧೦, ೧೨, ೧೪ರ ಮೂರು ಹೊಸ ಬೋಲ್ಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಸಾಕೆಟ್ಟುಗಳನ್ನು ಅವುಗಳ ಮೇಲೆ ತೊಡಿಸಿ ಅತ್ತಿತ್ತ ಅಲುಗಾಡಿಸಿರಿ. ಹೆಚ್ಚು ಆಟವಿದ್ದರೆ ಅಲ್ಲಿಯೇ ಬಿಟ್ಟುಬಿಡಿ. ಅಳತೆಯ ಅಂಕಿಗಳು ಆಳವಾಗಿ ಕೊರೆದಿವೆಯೇ, ಬಾಯಿಯ ಅಂಚು ಸಮನಾಗಿದೆಯೇ, ಗೋಡೆಯ ದಪ್ಪ ಸುತ್ತಲೂ ಒಂದೇ ಆಗಿದೆಯೇ, ಲೇಪ ಸಿಪ್ಪೆಯೇಳುತ್ತಿದೆಯೇ ಎಂದು ಬೆಳಕಿನಲ್ಲಿ ನೋಡಿರಿ. ಒಂದು ಸಾಕೆಟ್ಟು ಕಳೆದರೆ ಅದೇ ತಯಾರಕರ ಬಿಡಿ ಸಾಕೆಟ್ಟು ದೊರೆಯುವುದೇ ಎಂದು ಕೇಳುವುದನ್ನು ಮರೆಯಬೇಡಿರಿ. ನಮ್ಮ ದೇಶದಲ್ಲಿ ನಾಸಿಕದ ಟಪಾರಿಯಾ ಕಂಪೆನಿಯಂತಹ ಹಳಬರಿದ್ದಾರೆ. ಪಂಜಾಬಿನ ಜಲಂಧರ, ಲೂಧಿಯಾನಗಳು ಕೈ ಉಪಕರಣಗಳ ತಯಾರಿಕೆಗೆ ಹೆಸರಾದ ಊರುಗಳು. ಬೆಂಗಳೂರಿನವರು ಎಸ್.ಜೆ.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ವಿಚಾರಿಸಬಹುದು. ಎಲ್ಲಿಯಾದರೂ ರಸೀತಿಯನ್ನು ಪಡೆದೇ ಕೊಳ್ಳತಕ್ಕದ್ದು; ಒಳ್ಳೆಯ ಹೆಸರಿನ ಕೆಳಗೆ ಖೋಟಾ ಮಾಲು ಸೇರಿಕೊಳ್ಳುವುದು ಹೊಸತಲ್ಲ.

ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಈಗಿರುವ ಪಟ್ಟಿ ಇಷ್ಟೇ: ೩/೮ ಅಂಗುಲದ ರ‍್ಯಾಚೆಟ್ಟು ಒಂದು, ಆರು ಮೂಲೆಯ ಸಾಕೆಟ್ಟುಗಳು ೮ರಿಂದ ೧೯ರ ವರೆಗೆ ಬೇಕಾದವು ಒಂಬತ್ತು, ಆಳದಲ್ಲಿರುವ ಬೋಲ್ಟುಗಳಿಗಾಗಿ ೧೦, ೧೨, ೧೪ರ ಉದ್ದನೆಯ ಸಾಕೆಟ್ಟುಗಳು ಮೂರು, ೭೫ ಮತ್ತು ೧೫೦ ಮಿಲಿಮೀಟರಿನ ನೀಟು ಕಂಬಿಗಳು ಎರಡು, ಓರೆಯಾಗಿ ಬಾಗುವ ಕೀಲು ಒಂದು, ಸ್ಪಾರ್ಕ್ ಪ್ಲಗ್ಗಿನದು ಒಂದು, ಚಕ್ರಕ್ಕೆ ಅರ್ಧ ಅಂಗುಲದ ಸಾಕೆಟ್ಟೂ ದಂಡವೂ ಸೇರಿ ಎರಡು, ಟಾರ್ಕ್ ರೆಂಚು ಒಂದು. ಒಟ್ಟು ಇಪ್ಪತ್ತು. ೧೦ರ ಸಾಕೆಟ್ಟು ಕಳೆದುಹೋಗುವುದರಲ್ಲಿ ಬಹು ಪ್ರಸಿದ್ಧವಾದುದರಿಂದ ಅದನ್ನು ಎರಡು ಇಟ್ಟುಕೊಂಡವರು ಪಶ್ಚಾತ್ತಾಪಪಡಲಾರರು. ಇವನ್ನೆಲ್ಲ ಒಂದೇ ತಿಂಗಳಲ್ಲಿ ಕೊಳ್ಳಬೇಕೆಂಬ ನಿಯಮವೂ ಇಲ್ಲ. ಮೊದಲು ರ‍್ಯಾಚೆಟ್ಟು ಮತ್ತು ನಾಲ್ಕು ಸಾಕೆಟ್ಟು. ಉಳಿದವು ಅವಶ್ಯವಾದ ಹಾಗೆಲ್ಲ.

ಪಟ್ಟಿಯ ಕೊನೆಯ ಟಾರ್ಕ್ ರೆಂಚನ್ನು ಕೆಲವರು ದುಂದುವೆಚ್ಚವೆಂದು ಭಾವಿಸಬಹುದು. ಅದು ನಿಗದಿಯಾದ ಬಿಗಿತ ಬಂದೊಡನೆ ಟಕ್ಕೆಂದು ಸೂಚಿಸುವ ಹಿಡಿ. ಚಕ್ರದ ನಟ್ಟು ಸಡಿಲವಾದರೆ ಚಕ್ರ ಕಳಚುವ ಅಪಾಯ. ಅತಿಯಾಗಿ ಬಿಗಿದರೆ ಬೋಲ್ಟಿನ ತಿರುಪು ಹಿಗ್ಗಿ ಕೆಡುವುದು, ರಾತ್ರಿ ದಾರಿಯಲ್ಲಿ ಟೈರು ಒಡೆದಾಗ ನಟ್ಟು ಬಿಚ್ಚಲಾರದೆ ಮಕ್ಕಳು ಮರಿಗಳೊಡನೆ ನಿಂತುಬಿಡಬೇಕಾಗುವುದು. ಗಾಡಿಯ ಕೈಪುಸ್ತಕದಲ್ಲಿ ಎಷ್ಟು ಬಿಗಿಯಬೇಕೆಂಬ ಅಂಕಿ ಇರುತ್ತದೆ. ನಟ್ಟುಗಳನ್ನು ಒಂದರ ಪಕ್ಕದಲ್ಲೊಂದರಂತೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವಾಗಿ ಬಿಗಿದು ಕೊನೆಗೆ ಈ ರೆಂಚಿನಿಂದ ಪೂರೈಸಬೇಕು. ಕೆಲಸ ಮುಗಿದ ಮೇಲೆ ರೆಂಚನ್ನು ಅದರ ಅತಿ ಕಡಮೆಯ ಅಂಕಿಗೆ ಇಳಿಸಿ ಒಳಗಿಡತಕ್ಕದ್ದು.

ಉಪಕರಣ ಒಳ್ಳೆಯದಾದರೆ ಸಾಲದು, ಕೈಯೂ ಎಚ್ಚರವಾಗಿರಬೇಕು. ಸಾಕೆಟ್ಟನ್ನು ಬೋಲ್ಟಿನ ಮೇಲೆ ಪೂರ್ತಿಯಾಗಿ ಕೂಡಿಸಿಯೇ ಬಲ ಹಾಕಿರಿ. ಹಿಡಿಯನ್ನು ನೂಕುವುದಕ್ಕಿಂತ ತಮ್ಮ ಕಡೆಗೆ ಎಳೆಯುವುದು ಕ್ಷೇಮ. ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಬಿಟ್ಟು ಕಾಯಿರಿ. ಬ್ಯಾಟರಿಯಲ್ಲಿ ಋಣ ಕಡೆಯ ಹಿಡಿಕೆಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಿರಿ. ಬರಿಯ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ನುಗ್ಗಬೇಡಿರಿ. ಗಟ್ಟಿಯಾದ ಸ್ಟ್ಯಾಂಡುಗಳ ಆಧಾರವಿರಲೇಬೇಕು. ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ, ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಒಪ್ಪಿಸಿರಿ. ಸಂಜೆ ಉಪಕರಣಗಳನ್ನು ಒರಸಿ ಅವುಗಳ ಗುಳಿಗಳಲ್ಲಿ ಇಟ್ಟರೆ, ಬರಿದಾದ ಗುಳಿಯೇ ಕಳೆದ ತುಂಡನ್ನು ತೋರಿಸಿಕೊಡುವುದು. ಇಂಜಿನ್ನಿನ ಸಂದಿಯಲ್ಲಿ ಸಾಕೆಟ್ಟನ್ನು ಮರೆತು ಗಾಡಿ ನಡೆಸುವ ಪ್ರಮಾದ ತಪ್ಪುವುದು.

ಮಿತವ್ಯಯವೆಂದರೆ ಕಡಮೆ ಬೆಲೆಯದನ್ನು ಕೊಳ್ಳುವುದಲ್ಲ. ಬೇಡವಾದುದನ್ನು ಕೊಳ್ಳದಿರುವುದು, ಬೇಕಾದುದನ್ನು ಒಂದೇ ಸಲ ಒಳ್ಳೆಯದಾಗಿ ಕೊಳ್ಳುವುದು. ನಮ್ಮ ೧೦೮ ತುಂಡುಗಳ ಪೆಟ್ಟಿಗೆಯಲ್ಲಿ ಇಂದು ಹುಡುಗರು ಗೋಲಿಗಳನ್ನು ತುಂಬಿಟ್ಟಿದ್ದಾರೆ. ಇಪ್ಪತ್ತು ತುಂಡುಗಳಲ್ಲಿ ಅಂದು ಒದಗಿಸಿಕೊಂಡಿದ್ದ ಕೆಲವನ್ನೇ ಹಿಡಿದು, ಮುಂದಿನ ಸಲ ಎಣ್ಣೆಯನ್ನು ನಾವೇ ಬದಲಾಯಿಸಿ, ಚಕ್ರದ ನಟ್ಟುಗಳನ್ನು ನೋಡಿಕೊಂಡು, ತಾಯಿಯವರನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಬಂದೆವು. ಹರಕೆಯ ಗಂಟು ಅಲ್ಲಿ ಸಂದಿತು. ಘಾಟಿಯನ್ನು ಇಳಿಯುವಾಗ ಅವರು ಹಿಂದಿನ ಆಸನದಲ್ಲಿ ನಿಶ್ಚಿಂತೆಯಿಂದ ನಿದ್ರೆಮಾಡುತ್ತಿದ್ದರು.